ಪುಣೆಯ ಮನೆಗಳೂ ಥಂಡಿ ಗಾಳಿಯೂ

ದೀಪಾವಳಿ ಮುಗಿದು ಕಾರ್ತಿಕ ಕಳೆಯುತ್ತ ಬಂದಿತೆಂದರೆ ಪುಣೆಯಲ್ಲಿರುವ ನಮ್ಮವರ ಮನೆಗಳಲ್ಲೆಲ್ಲ ಒಂದೇ ಮಾತು: "ಥಂಡಿ ಬಿತ್ತು." ಬೆಳಗಾವಿ, ಧಾರವಾಡದ ಕಡೆಯಿಂದ ಬಂದವರಿಗೆ ಇದು ತೀರ ಹೊಸದೇನೂ ಅಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು ಮಾತ್ರ ಮೊದಲ ವರ್ಷ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಓಡಾಡುತ್ತಾರೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿಯ ಉಷ್ಣತೆ 11-12 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುವುದು ಸಾಮಾನ್ಯ. 1935ರ ಜನವರಿ 17ರಂದು 1.7 ಡಿಗ್ರಿಗೆ ಇಳಿದಿದ್ದುಂಟು. ಈ ಲೆಕ್ಕವನ್ನು ಇಟ್ಟವರು ಶಿವಾಜಿನಗರದ ಹವಾಮಾನ ಇಲಾಖೆಯವರು. 1928ರಲ್ಲಿ ಇಲಾಖೆಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. ಆ ಕಟ್ಟಡಕ್ಕೆ ಜನ ಇಂದಿಗೂ 'ಸಿಮ್ಲಾ ಆಫೀಸ್' ಎಂದೇ ಅನ್ನುತ್ತಾರೆ. ಥಂಡಿಯ ಲೆಕ್ಕ ಇಡುವ ಆಫೀಸಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು!

ಯುರೋಪಿನವರ ಹಾಗೆ ಇಡೀ ಮನೆಯನ್ನು ಕಾಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಚಳಿಗಾಲದ ಖರ್ಚು ಎರಡು ಕಡೆ ಹೋಗುತ್ತದೆ. ಒಂದು, ಮುಂಜಾನೆಯ ಬಿಸಿನೀರು. ಇನ್ನೊಂದು, ವಯಸ್ಸಾದವರಿಗೋ ಬಾಣಂತಿಗೋ ಹಸುಗೂಸಿಗೋ ಇಡುವ ವಿದ್ಯುತ್ ಹೀಟರು. ಹೀಟರು ಹಚ್ಚಿದರೂ ಕೋಣೆ ಬೆಚ್ಚಗಾಗುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ ಎಂಬ ದೂರು ಸಂಘದ ಕಾರ್ಯಕ್ರಮಗಳಲ್ಲಿ ಚಹಾದ ಹೊತ್ತಿಗೆ ಪ್ರತಿವರ್ಷ ಕೇಳಿಬರುತ್ತದೆ. ಕಾರಣ ಎಲ್ಲರಿಗೂ ಗೊತ್ತು: ಎಲ್ಲಿಂದಲೋ ಗಾಳಿ ಬರುತ್ತದೆ. ಆ 'ಎಲ್ಲಿಂದಲೋ' ಎಂಬುದನ್ನು ಹುಡುಕುತ್ತ ಹೊರಟರೆ ಮೇಸ್ತ್ರಿಯ ಹತ್ತಿರ ಹೋಗಬೇಕಾಗುತ್ತದೆ, ಇತಿಹಾಸದ ಹತ್ತಿರವೂ ಹೋಗಬೇಕಾಗುತ್ತದೆ. ನಮ್ಮ ಮನೆಯ ಗೋಡೆಗಳಲ್ಲಿರುವ ತೂತುಗಳಲ್ಲಿ ಕೆಲವು ತಾವಾಗಿ ಆದವು. ಕೆಲವನ್ನು ಬೇಕೆಂದೇ ಕೊರೆಯಲಾಗಿದೆ.

ಪೇಶವೆಯವರ ಕಾಲದ ಪುಣೆಯಿಂದ ಪ್ರಾರಂಭಿಸೋಣ. ಶನಿವಾರವಾಡೆಯನ್ನು ಮೊದಲನೆಯ ಬಾಜಿರಾಯ 1730-32ರಲ್ಲಿ ಕಟ್ಟಿಸಿದ. 1828ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ವಾಡೆಯೆಂದರೆ ಹೇಗಿತ್ತೆಂದು ನೋಡಬೇಕಾದವರು 1807ರ ವಿಶ್ರಾಮಬಾಗ ವಾಡೆಗೆ ಹೋಗಬೇಕು. ಅರಮನೆಗಳ ಮಾತು ಬಿಟ್ಟರೂ ಕಸಬಾ, ಸದಾಶಿವ, ನಾರಾಯಣ ಪೇಠೆಗಳ ಸಾಮಾನ್ಯ ವಾಡೆಗಳ ರೀತಿಯೂ ಅದೇ. ಕೆಳಗೆ ಕಲ್ಲಿನ ಬುನಾದಿ, ಮೇಲೆ ಇಟ್ಟಿಗೆ ಮತ್ತು ಮಣ್ಣಿನ ದಪ್ಪ ಗೋಡೆ, ನಡುವೆ ಚೌಕ, ಸುತ್ತಲೂ ಮರದ ಕಂಬಗಳು. ಬೀದಿಯ ಕಡೆಗೆ ಕಿಟಕಿ ಕಡಿಮೆ, ಇದ್ದರೂ ಚಿಕ್ಕವು. ದೊಡ್ಡ ಬಾಗಿಲು ಮುಚ್ಚಿದ್ದರೂ ಅದರ ಹೊಟ್ಟೆಯೊಳಗಿನ ದಿಂಡಿ ಬಾಗಿಲಿನಿಂದ ಬಗ್ಗಿ ಒಳಗೆ ಬರಬಹುದಿತ್ತು. ಕಳ್ಳರಿಗೆ, ದಂಡಿಗೆ ಹೆದರಿ ಮಾಡಿದ ವ್ಯವಸ್ಥೆ ಇದು. ಆದರೆ ಥಂಡಿ ಗಾಳಿಗೂ ಅದೇ ತಡೆಯಾಯಿತು. ಮರಾಠಿಯವರು 'ಮಾಜಘರ' ಎನ್ನುವುದು ನಮ್ಮ 'ನಡುಮನೆ'ಯೇ. ಹೊರಗೋಡೆಗೆ ತಾಗದ, ಕಿಟಕಿಯಿಲ್ಲದ ಈ ಕೋಣೆ ಹಗಲಿನಲ್ಲಿ ಕತ್ತಲೆ, ಆದರೆ ರಾತ್ರಿ ಬೆಚ್ಚಗೆ. ಮುದುಕರೂ ಮಕ್ಕಳೂ ಮಲಗುತ್ತಿದ್ದುದು ಅಲ್ಲಿ. ದಿನವೆಲ್ಲ ಬಿಸಿಲು ಕುಡಿದ ದಪ್ಪ ಗೋಡೆ ಮುಂಜಾವಿನ ತನಕ ಆ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತಿತ್ತು.

ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಲೆಕ್ಕಾಚಾರವೂ ಇದೇ. ವಿಜಾಪುರ, ಧಾರವಾಡದ ಹಳ್ಳಿಗಳಲ್ಲಿ ಮೇಲುಮುದ್ದೆಯ ಮಾಳಿಗೆ, ಅದರಲ್ಲಿ ಒಂದೆರಡು ಬೆಳಕಿಂಡಿ. ಹಗಲು ಬೆಳಕಿಗೆ, ಅಡಿಗೆಯ ಹೊತ್ತಿನಲ್ಲಿ ಹೊಗೆಗೆ ಅದೇ ದಾರಿ. ಮಳೆ ಬಂದಾಗ ಮುಚ್ಚಿಬಿಡುವುದು. ಬೇಕಾದಾಗ ತೆರೆಯುವ, ಬೇಡವಾದಾಗ ಮುಚ್ಚುವ ತೂತು ಎಂಬುದು ಇಲ್ಲಿ ಗಮನಿಸತಕ್ಕ ಮಾತು. ವಾಡೆಗಳನ್ನೂ ಮಾಳಿಗೆ ಮನೆಗಳನ್ನೂ ಈಗ ಬಹಳ ಹೊಗಳುವ ರೂಢಿಯಾಗಿದೆ. ಅಲ್ಲಿಯ ಅಡಿಗೆಮನೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ಅಜ್ಜಿಯಂದಿರನ್ನು ಕೇಳಿ ಆಮೇಲೆ ಹೊಗಳುವುದು ಮೇಲು.

1817ರ ನವೆಂಬರ್ 5ರಂದು ಖಡಕಿಯಲ್ಲಿ ಯುದ್ಧವಾಗಿ ಪೇಶವೆಯವರ ಆಳಿಕೆ ಮುಗಿಯಿತು. ಪೇಠೆಗಳ ಹೊರಗೆ ಇಂಗ್ಲಿಷರ ದಂಡು ಬೀಡುಬಿಟ್ಟಿತು. ಪುಣೆಯ ಮನೆಗಳ ಗೋಡೆಗೆ ಬೇಕೆಂದೇ ತೂತು ಕೊರೆಯುವ ಕಥೆ ಇಲ್ಲಿಂದ ಪ್ರಾರಂಭ. ಹಿಂದುಸ್ಥಾನದಲ್ಲಿದ್ದ ಇಂಗ್ಲಿಷ್ ಸಿಪಾಯಿಗಳು ಯುದ್ಧಕ್ಕಿಂತ ಹೆಚ್ಚಾಗಿ ಕಾಲರಾ, ಜ್ವರ, ಆಮಶಂಕೆಗಳಿಂದಲೇ ಸಾಯುತ್ತಿದ್ದರು. ಇದನ್ನು ವಿಚಾರಿಸಲು 1859ರಲ್ಲಿ ಒಂದು ರಾಜ ಆಯೋಗ ನೇಮಕವಾಯಿತು. ಅದರ ಹಿಂದೆ ನಿಂತು ದುಡಿದವಳು ಫ್ಲಾರೆನ್ಸ್ ನೈಟಿಂಗೇಲ್. 1863ರಲ್ಲಿ ಹೊರಬಂದ ವರದಿಯ ಪ್ರಕಾರ ಪ್ರತಿ ಸಾವಿರ ಸಿಪಾಯಿಗಳಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದರು. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂಬುದು ಆಗ ಬಹಳ ಮಂದಿ ವೈದ್ಯರ ನಂಬಿಕೆ. ಆದ್ದರಿಂದ ತಲೆಗೆ ಇಷ್ಟು ಘನ ಅಡಿ ಜಾಗ ಬೇಕು, ಗೋಡೆಯ ತುದಿಯಲ್ಲಿ ಗಾಳಿ ಹೋಗಲು ಕಿಂಡಿ ಬೇಕು ಎಂದು ಬ್ಯಾರಕ್ಕುಗಳ ನಕ್ಷೆಗಳು ಬದಲಾದವು. ಎತ್ತರದ ಛತ್ತು, ಅದರ ಕೆಳಗೆ ವೆಂಟಿಲೇಟರು, ಬಾಗಿಲಿನ ಮೇಲೆ ತಿರುಗುವ ಗಾಜಿನ ಕಿಂಡಿ — ಇವು ಬ್ಯಾರಕ್ಕಿನಿಂದ ಬಂಗಲೆಗೆ, ಬಂಗಲೆಯಿಂದ ಆಸ್ಪತ್ರೆ, ಶಾಲೆ, ಕಚೇರಿಗಳಿಗೆ, ಕೊನೆಗೆ ನಮ್ಮಂಥ ಗುಮಾಸ್ತರ ಕ್ವಾರ್ಟರ್ಸುಗಳಿಗೆ ಇಳಿದುಬಂದವು. ಲೋಕೋಪಯೋಗಿ ಇಲಾಖೆಯ ನಕ್ಷೆಯಲ್ಲಿ ಒಮ್ಮೆ ಸೇರಿದ ಗೆರೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲವೆಂಬುದು ಸರ್ಕಾರಿ ನೌಕರರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ಆಮೇಲೆ ಪ್ಲೇಗು ಬಂದಿತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡದ್ದು ಪುಣೆಗೆ ತಲುಪಲು ತಡವಾಗಲಿಲ್ಲ. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಪುಣೆಯ ಪ್ಲೇಗ್ ಸಮಿತಿಗೆ ರ‍್ಯಾಂಡ್ ಎಂಬ ಅಧಿಕಾರಿ ಅಧ್ಯಕ್ಷನಾದ. ಗೋರಾ ಸಿಪಾಯಿಗಳು ವಾಡೆಗಳ ನಡುಮನೆ, ದೇವರಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನು ಹೊರಗೆಸೆದರು, ನೆಲ ಅಗೆದರು, ಗೋಡೆಗೆ ಸುಣ್ಣ ಬಳಿದರು. ಮುಂಬಯಿಯಲ್ಲಂತೂ ಗಾಳಿ ಬಿಸಿಲು ಬೀಳಲೆಂದು ಪ್ಲೇಗಿನ ಮನೆಗಳ ಹಂಚನ್ನೇ ತೆಗೆದುಹಾಕಿದ್ದುಂಟು. ಆ ಕೋಪ ಎಲ್ಲಿಗೆ ಮುಟ್ಟಿತೆಂಬುದು ವಾಚಕರಿಗೆ ಗೊತ್ತೇ ಇದೆ: 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರು ರ‍್ಯಾಂಡನನ್ನು ಗುಂಡಿಕ್ಕಿದರು.

ಮರುವರ್ಷ ಪ್ಲೇಗು ರೈಲು ಹತ್ತಿ ನಮ್ಮ ನಾಡಿಗೂ ಹೋಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್ಕಿನ್ ಅವರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಅದೂ ಒಂದು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂದಿತು. ಕಿಕ್ಕಿರಿದ ಹಳೆಯ ಪೇಟೆಯ ಹೊರಗೆ ಅಗಲವಾದ ರಸ್ತೆ, ಮನೆಮನೆಗೂ ಗಾಳಿ ಬೆಳಕು ಇರುವ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಈ ಹೆದರಿಕೆಯ ಬೆನ್ನಲ್ಲೇ. ಹೀಗೆ ಬ್ಯಾರಕ್ಕಿನ ವೆಂಟಿಲೇಟರು ಊರವರ ಮನೆಗೂ ಕಾಲಿಟ್ಟಿತು.

ಇದರಲ್ಲಿ ಒಂದು ವಿಚಿತ್ರವಿದೆ. ಪ್ಲೇಗು ಗಾಳಿಯಿಂದ ಬರುವುದಲ್ಲ, ಇಲಿಯ ಚಿಗಟದಿಂದ ಬರುವುದೆಂದು ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲೇ ಕರಾಚಿಯಲ್ಲಿ ತೋರಿಸಿದ್ದರು. ಜನ ಒಪ್ಪಲಿಲ್ಲ. 1905ರಿಂದ ಮುಂಬಯಿಯ ಪರೇಲಿನಲ್ಲಿ ಕೆಲಸಮಾಡಿದ ಪ್ಲೇಗ್ ಆಯೋಗದವರು ಮತ್ತೆ ಪ್ರಯೋಗ ಮಾಡಿ ಖಚಿತಪಡಿಸಿದ ಮೇಲೆಯೇ ಒಪ್ಪಿದರು. ಅಂದರೆ ಪ್ಲೇಗಿಗೆಂದು ಗೋಡೆಗೆ ಕೊರೆದ ಕಿಂಡಿಗಳಿಂದ ಪ್ಲೇಗಿಗೆ ಏನೂ ಆಗಲಿಲ್ಲ. ಹಾಗೆಂದು ಅವು ವ್ಯರ್ಥವಾದವೇ? ಇಲ್ಲ. ಹೊಗೆ ಹೊರಗೆ ಹೋಯಿತು, ತೇವ ಆರಿತು, ಕ್ಷಯರೋಗಿಯಿದ್ದ ಮನೆಗಳಲ್ಲಿ ಉಳಿದವರಿಗೆ ಅಪಾಯ ಕಡಿಮೆಯಾಯಿತು. ಕಾರಣ ತಪ್ಪು, ಫಲ ಒಳ್ಳೆಯದು. ಕಿಂಡಿ ಮುಚ್ಚಲು ಹೊರಟಾಗ ಇದನ್ನು ಮರೆಯಬಾರದು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಪುಣೆಯ ವಾಡೆಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1961ರ ಜುಲೈ 12ರಂದು. ಅಂದು ಪಾನಶೆತ್ ಅಣೆಕಟ್ಟು ಒಡೆಯಿತು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಅಣೆಕಟ್ಟೂ ಒಡೆಯಿತು. ಮುಠಾ ನದಿಯ ದಂಡೆಯ ಪೇಠೆಗಳಲ್ಲಿ ಮಣ್ಣಿನ ಗೋಡೆಗಳು ನೀರಿನಲ್ಲಿ ಕರಗಿಹೋದವು. ನಿರಾಶ್ರಿತರಿಗಾಗಿ ಗೋಖಲೆನಗರ, ಸಹಕಾರನಗರಗಳಂಥ ಹೊಸ ಬಡಾವಣೆಗಳು ಎದ್ದವು. ಉಳಿದ ವಾಡೆಗಳೂ ಬಾಡಿಗೆ ಕಾಯಿದೆಯ ಜಗ್ಗಾಟದಲ್ಲಿ ದುರಸ್ತಿಯಿಲ್ಲದೆ ಸೊರಗಿ, ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟುಗಳಾದವು. ಎರಡಡಿಯ ಗೋಡೆಯಿದ್ದಲ್ಲಿ ಒಂಬತ್ತು ಇಂಚು, ಆಮೇಲೆ ಆರು ಇಂಚು ಬಂದಿತು. ಮರದ ಕಿಟಕಿ ಹೋಗಿ ಉಕ್ಕಿನ ಕಿಟಕಿ, ಅದೂ ಹೋಗಿ ಸರಿಯುವ ಅಲ್ಯೂಮಿನಿಯಂ ಕಿಟಕಿ ಬಂದಿತು. ಉಕ್ಕಿನ ಚೌಕಟ್ಟು ಮಳೆಗಾಲದಲ್ಲಿ ತುಕ್ಕು ಹಿಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಗಾಜಿನ ಪುಟ್ಟಿ ಒಣಗಿ ಉದುರುತ್ತದೆ. ಬಾಗಿದ ಪಡಕು ಎಷ್ಟು ಒತ್ತಿದರೂ ಪೂರ್ತಿ ಕೂಡುವುದಿಲ್ಲ. ಅಲ್ಯೂಮಿನಿಯಂ ಕಿಟಕಿಯ ಅಂಚಿನ ಬ್ರಷ್ ಪಟ್ಟಿ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಈ ಸಂದಿಗಳನ್ನು ಯಾವ ಆಯೋಗವೂ ಶಿಫಾರಸು ಮಾಡಿದ್ದಲ್ಲ. ಇವು ಬರೀ ಸವೆತ, ಬರೀ ಅಲಕ್ಷ್ಯ. ಮುಚ್ಚಬೇಕಾದವು ಇವು.

ನಷ್ಟ ಎಷ್ಟೆಂದು ನೋಡೋಣ. ಲೆಕ್ಕ ಕಠಿಣವಲ್ಲ. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಇರುತ್ತದೆ. ಪುಣೆಯ ಎತ್ತರದಲ್ಲಿ ಅದರ ತೂಕ ಸುಮಾರು 37 ಕಿಲೋ. ಗಾಳಿಗೂ ತೂಕವೇ ಎಂದು ಮಕ್ಕಳು ಕೇಳಿದರೆ ಈ ಸಂಖ್ಯೆ ಹೇಳಬಹುದು; ಒಬ್ಬ ಹನ್ನೆರಡು ವರ್ಷದ ಹುಡುಗನ ತೂಕ ಅದು! ಅಷ್ಟು ಗಾಳಿಯನ್ನು 10 ಡಿಗ್ರಿಯಷ್ಟು ಕಾಸಲು 370 ಕಿಲೋಜೂಲ್ ಶಾಖ ಬೇಕು, ಅಂದರೆ ವಿದ್ಯುತ್ತಿನ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು. ಇದು ದೊಡ್ಡದಲ್ಲ. ಆದರೆ ಸಂದಿಗಳಿಂದಾಗಿ ಆ ಗಾಳಿ ಗಂಟೆಗೆ ಐದು ಸಲ ಬದಲಾದರೆ ಅರ್ಧ ಯೂನಿಟ್ಟು ಹೊರಗೆ ಹೋದಂತೆಯೇ. ಒಂದು ಕಿಲೋವ್ಯಾಟಿನ ಹೀಟರು ಗಂಟೆಯಲ್ಲಿ ಕೊಡುವ ಶಾಖದ ಅರ್ಧ ಪಾಲು ಬೀದಿಯನ್ನು ಕಾಸಲು ಹೋಯಿತು.

ಚಳಿಗಾಲದ ರಾತ್ರಿ ಪುಣೆಯಲ್ಲಿ ಬಿರುಗಾಳಿಯೇನೂ ಬೀಸುವುದಿಲ್ಲ. ಎಷ್ಟೋ ದಿನ ಎಲೆ ಕೂಡ ಅಲ್ಲಾಡುವುದಿಲ್ಲ. ಆದರೂ ಕಾಲಿಗೆ ಥಂಡಿ ಹತ್ತುವುದೇಕೆಂದರೆ, ಒಳಗಿನ ಬೆಚ್ಚನೆಯ ಗಾಳಿ ಹಗುರಾಗಿ ಮೇಲೇರಿ ವೆಂಟಿಲೇಟರಿನಿಂದ ಹೊರಬೀಳುತ್ತದೆ, ಅದರ ಜಾಗ ತುಂಬಲು ಬಾಗಿಲಿನ ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಕೋಣೆಯೇ ಒಂದು ಚಿಮಣಿಯಾಗುತ್ತದೆ. ಮೂರಡಿ ಅಗಲದ ಬಾಗಿಲಿನ ಕೆಳಗೆ ಅರ್ಧ ಇಂಚು ಸಂದಿಯಿದ್ದರೆ ಒಟ್ಟು 18 ಚದರ ಇಂಚು. ಗೋಡೆಯಲ್ಲಿ ಒಂದು ಇಟ್ಟಿಗೆಯ ತುದಿಯಷ್ಟು ತೂತು ಬಿದ್ದಿದ್ದರೆ ನಾವು ಅಂದೇ ಗೌಂಡಿಯನ್ನು ಕರೆಯುತ್ತಿದ್ದೆವು. ಬಾಗಿಲಿನ ಕೆಳಗಿದೆಯೆಂದು ಹತ್ತು ವರ್ಷ ಸುಮ್ಮನಿರುತ್ತೇವೆ.

ಸಂದಿ ಹುಡುಕಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಬೆಳಗಿನ ಐದು ಗಂಟೆಯ ಸುಮಾರಿಗೆ, ಹೊರಗೆ ಚಳಿ ಹೆಚ್ಚಿರುವಾಗ, ಫ್ಯಾನು ನಿಲ್ಲಿಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿನಗುಂಟ ನಿಧಾನವಾಗಿ ಸರಿಸಬೇಕು. ಪರದೆಗೆ ತಾಗದಂತೆ ಎಚ್ಚರವಿರಲಿ. ಹೊಗೆ ನೆಟ್ಟಗೆ ಏರಿದರೆ ಸಂದಿಯಿಲ್ಲ. ಒಳಕ್ಕೆ ಬಾಗಿದರೆ ಗಾಳಿ ಬರುತ್ತಿದೆ, ಹೊರಕ್ಕೆ ಎಳೆದರೆ ಹೋಗುತ್ತಿದೆ. ಚೌಕಟ್ಟು ಗೋಡೆಗೆ ಸೇರುವಲ್ಲಿ, ಎ.ಸಿ.ಯ ಅಥವಾ ಕೇಬಲ್ಲಿನ ತಂತಿಗೆ ಕೊರೆದ ತೂತಿನಲ್ಲಿ ಬಹಳ ಸಲ ಗುಟ್ಟು ಸಿಗುತ್ತದೆ. 1973ರ ತೈಲದ ಬಿಕ್ಕಟ್ಟಿನ ನಂತರ ಪಶ್ಚಿಮದವರು ಇದೇ ಕೆಲಸಕ್ಕೆ ಬಾಗಿಲಿನಲ್ಲಿ ದೊಡ್ಡ ಫ್ಯಾನು ಕೂಡಿಸುವ ಯಂತ್ರವನ್ನು ರೂಢಿಗೆ ತಂದರು. 1977ರ ಸುಮಾರಿಗೆ ಸ್ವೀಡನ್ನಿನಲ್ಲಿ ಶುರುವಾದ ಆ ಪದ್ಧತಿ ಅಮೆರಿಕಕ್ಕೂ ಹೋಯಿತು. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಮನೆ ಕೊಳ್ಳುವಾಗ ಇದರ ಹೆಸರು ಹೇಳುವುದನ್ನು ನಮ್ಮಲ್ಲಿ ಕೆಲವರು ಕೇಳಿರಬಹುದು. ನಮಗೆ ಊದುಬತ್ತಿ ಸಾಕು.

ಮುಚ್ಚುವ ಸಾಮಾನೂ ದುಬಾರಿಯಲ್ಲ. ಗಾಜಿನ ಅಂಚಿಗೆ ಪುಟ್ಟಿ, ಪಡಕಿನ ಅಂಚಿಗೆ ಅಂಟಿಸುವ ಫೋಮಿನ ಅಥವಾ ರಬ್ಬರಿನ ಪಟ್ಟಿ, ಗೋಡೆಯ ಬಿರುಕಿಗೆ ಸಿಮೆಂಟು. ಬಾಗಿಲಿನ ಕೆಳಗೆ, ಹಳೆಯ ಸೀರೆಯನ್ನು ಉದ್ದ ಕೊಳವೆಯಂತೆ ಹೊಲಿದು ಉಸುಕು ತುಂಬಿಟ್ಟರೆ ಯಾವ ಕಂಪನಿಯ ಮಾಲೂ ಅದರ ಮುಂದೆ ನಿಲ್ಲದು. ಮಲಗುವ ಕೋಣೆಯ ಕಿಟಕಿಗೆ ರಾತ್ರಿಯಷ್ಟೇ ಒಂದು ಕೌದಿ ಇಳಿಬಿಡುವ ನಮ್ಮ ಕಡೆಯ ಹೆಣ್ಣುಮಕ್ಕಳಿದ್ದಾರೆ, ಒಳ್ಳೆಯ ಉಪಾಯ. ಅಲ್ಯೂಮಿನಿಯಂ ಕಿಟಕಿಯ ತಳದ ಹಳಿಯಲ್ಲಿರುವ ಚಿಕ್ಕ ತೂತುಗಳನ್ನು ಮಾತ್ರ ಮುಚ್ಚಬಾರದು. ಅವು ಮಳೆನೀರು ಹೊರಹೋಗಲು ಇಟ್ಟವು. ಮುಚ್ಚಿದರೆ ಜೂನಿನಲ್ಲಿ ನೀರು ಮನೆಯೊಳಗೇ ಬರುತ್ತದೆ.

ಇನ್ನು ಬಚ್ಚಲಿನ ಮಾತು. ಪುಣೆಯ ಹಳೆಯ ಮನೆಗಳಲ್ಲಿ ನೀರು ಕಾಸುತ್ತಿದ್ದುದು ತಾಮ್ರದ ಬಂಬಿನಲ್ಲಿ. ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ಬಡಿದು ಮಾಡಿದ ಬಂಬುಗಳಿಗೆ ಹೆಸರಿತ್ತು. ನಡುವೆ ಒಂದು ಕೊಳವೆ, ಅದರಲ್ಲಿ ಬೆಂಕಿ, ಸುತ್ತಲೂ ನೀರು. ನಮ್ಮ ಹಂಡೆಯ ಒಲೆಯಲ್ಲಿ ಉರಿ ಹಂಡೆಯ ಹೊರಮೈ ನೆಕ್ಕಿ ಮೂರು ದಿಕ್ಕಿಗೂ ಹೋಗುತ್ತದೆ. ಬಂಬಿನಲ್ಲಿ ಉರಿ ನೀರಿನ ನಡುವಿನಿಂದಲೇ ಹಾಯುತ್ತದೆ. ಎರಡರಲ್ಲೂ ಪ್ರಶ್ನೆ ಒಂದೇ: ಎಷ್ಟು ಗಾಳಿ ಬಿಡಬೇಕು? ಕಡಿಮೆಯಾದರೆ ಹೊಗೆ, ಹೆಚ್ಚಾದರೆ ಆ ಹೆಚ್ಚಿನ ಗಾಳಿ ಸುಮ್ಮನೆ ಬಿಸಿಯಾಗಿ ಹೊರಟುಹೋಗುತ್ತದೆ.

ಈ ಪ್ರಶ್ನೆಯನ್ನು ವಿಜ್ಞಾನದ ದೃಷ್ಟಿಯಿಂದ ಹಿಡಿದು ಬಿಡಿಸಿದವರು ನಮ್ಮ ಬೆಂಗಳೂರಿನವರೇ ಎಂಬುದು ಹೆಮ್ಮೆಯ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಪ್ರಾರಂಭವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಗುರಿ. ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಅವರು ಮನೆಮನೆಯ ಕಟ್ಟಿಗೆಯ ಲೆಕ್ಕ ಹಿಡಿದರು. ಅಡಿಗೆಗೂ ಸ್ನಾನದ ನೀರಿಗೂ ಉರಿಯುವ ಕಟ್ಟಿಗೆಯೇ ಹಳ್ಳಿಯ ಮುಖ್ಯ ಇಂಧನವೆಂದು ಕಂಡುಬಂದಿತು. ಸಾಮಾನ್ಯ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಪಾಲೂ ಪಾತ್ರೆಗೆ ತಲುಪುವುದು ಕಷ್ಟ. ಎಂಬತ್ತರ ದಶಕದ ಮೊದಲಲ್ಲಿ ರೂಪುಗೊಂಡ 'ಅಸ್ತ್ರ ಒಲೆ'ಯಲ್ಲಿ ಮೂರು ಪಾತ್ರೆಗಳು ಒಲೆಯ ತೂತಿಗೆ ಸರಿಯಾಗಿ ಕೂಡುತ್ತವೆ, ಕಟ್ಟಿಗೆ ಹಾಕುವ ಬಾಯಿಗೆ ಬಾಗಿಲು, ಕೆಳಗೆ ಜಾಲರಿ, ಕೊನೆಗೆ ಚಿಮಣಿ. ಬೇಡದ ಗಾಳಿಯ ದಾರಿಗಳನ್ನೆಲ್ಲ ಮುಚ್ಚಿ, ಬೇಕಾದ ಗಾಳಿಗೆ ಅಳತೆಯ ದಾರಿ ಬಿಟ್ಟದ್ದೇ ಇದರ ಮರ್ಮ. ಪರೀಕ್ಷೆಗಳಲ್ಲಿ ಶಾಖದ ಉಪಯೋಗ ಶೇಕಡಾ 30ನ್ನು ಮೀರಿತು, ಅಡಿಗೆಮನೆಯ ಹೊಗೆಯೂ ಹೊರಗೆ ಹೋಯಿತು. ಮುಚ್ಚುವುದು ಒಂದು ಕೆಲಸವಾದರೆ ಬಿಡುವುದೂ ಅಷ್ಟೇ ದೊಡ್ಡ ಕೆಲಸವೆಂದು ಅವರಿಗೆ ತಿಳಿದಿತ್ತು.

ಪುಣೆಯ ಮನೆಗಳಲ್ಲಿ ಈಗ ಬಂಬು ಇಲ್ಲ. ಅನೇಕರ ಬಚ್ಚಲಲ್ಲಿ ಗ್ಯಾಸ್ ಗೀಜರು ಬಂದಿದೆ. ನೀರು ಬೇಗ ಕಾಯುತ್ತದೆ, ವಿದ್ಯುತ್ ಬಿಲ್ಲು ಇಳಿಯುತ್ತದೆ. ಥಂಡಿಯೆಂದು ಅದೇ ಬಚ್ಚಲಿನ ಕಿಂಡಿಗೆ ರಟ್ಟು ಹೊಡೆಯುವವರೂ ಇದ್ದಾರೆ. ಇಲ್ಲಿ ನಾವು ಗಟ್ಟಿಯಾಗಿ ಬೇಡವೆನ್ನುತ್ತೇವೆ. ಒಂದು ಕಿಲೋ ಗ್ಯಾಸು ಪೂರ್ತಿ ಉರಿಯಲು 15 ಕಿಲೋಕ್ಕಿಂತ ಹೆಚ್ಚು ಗಾಳಿ ಬೇಕು. ನಾಲ್ಕು ಅಡಿಗೆ ಐದು ಅಡಿಯ ಬಚ್ಚಲಲ್ಲಿ ಒಟ್ಟು ಇರುವುದೇ ಐದಾರು ಕಿಲೋ ಗಾಳಿ. ಕಿಂಡಿ ಮುಚ್ಚಿ ಹತ್ತು ನಿಮಿಷ ಗೀಜರು ಉರಿಸಿದರೆ ಅದರ ಮೂರನೆಯ ಒಂದು ಪಾಲು ಉರಿಗೇ ಬೇಕಾಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸು ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ತಿರುಗಿತೆಂದು ತಿಳಿಯುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಬಚ್ಚಲಲ್ಲಿ ಹೀಗೆ ಜೀವ ಹೋದ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ; ಹೋದವರಲ್ಲಿ ಎಳೆಯ ವಯಸ್ಸಿನವರೇ ಹೆಚ್ಚಾಗಿ ಕಾಣುತ್ತಾರೆ. ಬಾಣಂತಿಯ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಡುವ ಪದ್ಧತಿಗೂ ಇದೇ ಮಾತು ಅನ್ವಯ. ಊರಿನ ಹಂಚಿನ ಮನೆಯಲ್ಲಿ, ಬೆಳಕಿಂಡಿಯ ಮಾಳಿಗೆಯಲ್ಲಿ ಅದು ನಡೆಯಿತು. ಮೇಲಿನ ಸಂದಿಗಳು ಯಾರಿಗೂ ಹೇಳದೆ ಕಾಪಾಡುತ್ತಿದ್ದವು. ಮುಚ್ಚಿದ ಫ್ಲ್ಯಾಟಿನಲ್ಲಿ ಕಾಪಾಡುವವರಿಲ್ಲ. ಅಲ್ಲಿ ವಿದ್ಯುತ್ ಹೀಟರೇ ಇರಲಿ. ಸಂದಿ ಮುಚ್ಚಿದ್ದರೆ ಅದೂ ಅರ್ಧ ಹೊತ್ತು ಸಾಕಾಗುತ್ತದೆ.

ಆದ್ದರಿಂದ ಉರಿಯಿರುವ ಕೋಣೆಯ ಕಿಂಡಿ, ಅಂದರೆ ಅಡಿಗೆಮನೆಯದು ಮತ್ತು ಬಚ್ಚಲಿನದು, 1863ರ ಆಯೋಗದವರು ಯಾವ ಕಾರಣಕ್ಕೇ ಕೊರೆಸಿರಲಿ, ತೆರೆದೇ ಇರಬೇಕು. ಕೆಳಗೊಂದು ಗಾಳಿ ಬರುವ ದಾರಿ, ಮೇಲೊಂದು ಹೋಗುವ ದಾರಿ. ಮಲಗುವ ಕೋಣೆಯ ವೆಂಟಿಲೇಟರನ್ನು ಪೂರ್ತಿ ಮುಚ್ಚದೆ ಕಾಲು ಭಾಗ ಬಿಟ್ಟರೆ ನಾಲ್ಕು ಮಂದಿಯ ಉಸಿರಾಟಕ್ಕೆ ಸಾಕು. ಗ್ಯಾಸ್ ಗೀಜರು ಇರುವವರು ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಗ್ಯಾಲರಿಯಲ್ಲಿ ಹಾಕಿಸಿ, ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಪ್ಲಂಬರನಿಗೆ ಅರ್ಧ ದಿನದ ಕೆಲಸ. ಅದನ್ನು ಮಾಡಿಸಿದ ಮೇಲೆ ಬಚ್ಚಲಿನ ಬಾಗಿಲಿಗೆ ಬೇಕಾದರೆ ಉಸುಕಿನ ಸೀರೆ ಇಟ್ಟುಕೊಳ್ಳಬಹುದು.